ಇಂಜಿನು ಬದಲಾದ ಹಳೆಯ ಜೀಪು: ಕೊಳ್ಳುವ ಮೊದಲು ನೋಡತಕ್ಕ ಒಡೆತನದ ಲೆಕ್ಕ

ಎತ್ತು ಕೊಳ್ಳುವಾಗ ನಮ್ಮ ರೈತರು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ಯಾರ ಕೊಟ್ಟಿಗೆಯಿಂದ ಬಂದದ್ದೆಂದು ಕೇಳುತ್ತಾರೆ. ಹಳೆಯ ಜೀಪು ಕೊಳ್ಳುವಾಗ ಮಾತ್ರ ಬಣ್ಣ, ಟೈರು ನೋಡಿ ಮುಂಗಡ ಕೊಟ್ಟುಬಿಡುವುದುಂಟು. ಅಡಿಕೆ, ಗೊಬ್ಬರ, ಹುಲ್ಲು ಹೊತ್ತು ಏರುದಾರಿ ಹತ್ತುವುದಕ್ಕೆ ಜೀಪಿನಂಥ ಬಂಡಿ ಇನ್ನೊಂದಿಲ್ಲವೆಂಬುದು ನಿಜ. ಆದರೆ ಅದರ ಹಿಂದಿನ ಒಡೆಯರು ಯಾರು ಯಾರೆಂದು ತಿಳಿಯದೆ ಕೊಳ್ಳತಕ್ಕದ್ದಲ್ಲ.

ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯವರು 1940ರ ದಶಕದ ಕೊನೆಯಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸುತ್ತ ಬಂದರು. ಅವುಗಳಲ್ಲಿದ್ದುದು ಪೆಟ್ರೋಲು ಇಂಜಿನು. ಮುಂದೆ 1980ರ ದಶಕದಲ್ಲಿ ಫ್ರಾನ್ಸಿನ ಪ್ಯೂಜೊ ಕಂಪೆನಿಯ ಮಾದರಿಯ ಡೀಸೆಲ್ ಇಂಜಿನು ಬಂದಿತು. ಪೆಟ್ರೋಲು ಖರ್ಚಿಗೆ ಬೇಸತ್ತವರು ಹಳೆಯ ಇಂಜಿನನ್ನು ಕೆಳಗಿಳಿಸಿ, ಡೀಸೆಲ್ ಇಂಜಿನು ಕೂರಿಸಿಕೊಂಡರು. ಎಳೆತ ಹೆಚ್ಚಿತು, ಭಾರವೂ ಹೆಚ್ಚಿತು. ಆದುದರಿಂದ ಇಂಥ ಜೀಪಿನ ಮುಂದಿನ ಪಟ್ಟಾಗಳು ಕುಗ್ಗಿವೆಯೇ, ಇಂಜಿನು ಕೂರಿಸಿದ ಕಡೆ ಚಾಸಿಯಲ್ಲಿ ಬಿರುಕು ಅಥವಾ ಹೊಸ ವೆಲ್ಡಿಂಗ್ ಇದೆಯೇ ಎಂದು ಕೆಳಗೆ ಮಲಗಿ ನೋಡಬೇಕು. ಇದನ್ನು ಮೇಸ್ತ್ರಿ ನೋಡಿಕೊಟ್ಟಾನು. ಕಾಗದಪತ್ರವನ್ನು ಕೊಳ್ಳುವವನೇ ನೋಡಬೇಕು.

ಇಂಜಿನು ಬದಲಾದ ಜೀಪಿಗೆ ಎರಡು ವಂಶಾವಳಿ ಇರುತ್ತದೆ: ಒಂದು ಚಾಸಿಯದು, ಇನ್ನೊಂದು ಇಂಜಿನಿನದು. ಚಾಸಿ ನಂಬರು ಚೌಕಟ್ಟಿನ ಮೇಲೆ ಪಂಚು ಮಾಡಿರುತ್ತದೆ. ಇಂಜಿನು ನಂಬರು ಇಂಜಿನಿನ ಮೈಮೇಲೆ. ಎರಡರ ಮೇಲೂ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿ ಮೂಡುತ್ತದೆ. ಅದನ್ನು ಆರ್.ಸಿ.ಯೊಡನೆ ಒಂದೊಂದೇ ಅಕ್ಷರವಾಗಿ ತಾಳೆ ನೋಡಿರಿ. ಅಂಕಿಗಳ ಸುತ್ತ ಅರ ಹಾಕಿದ ಗುರುತು ಕಂಡರೆ ವ್ಯಾಪಾರ ಬಿಟ್ಟುಬಿಡುವುದೇ ಲೇಸು. ಇಂಜಿನು ನಂಬರು ಮಾತ್ರ ಬೇರೆಯಾಗಿದ್ದರೆ, ಆ ಇಂಜಿನು ಯಾವ ಗಾಡಿಯಿಂದ ಬಂದಿತು, ಅದರ ರಸೀದಿ ಎಲ್ಲಿ ಎಂದು ಕೇಳಬೇಕು. ಕಳವಾದ ಗಾಡಿಯ ಇಂಜಿನು ನಿಮ್ಮ ಜೀಪಿನಲ್ಲಿ ಸಿಕ್ಕಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಅಂಗಳಕ್ಕೆ.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಈ ವಿಷಯದ್ದು. 2000ನೇ ಇಸವಿಯ ತಿದ್ದುಪಡಿಯ ತರುವಾಯ ಅದು ಬಿಗಿಯಾಗಿದೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದಕ್ಕೆ ಮೊದಲು ಕಚೇರಿಯ ಒಪ್ಪಿಗೆ ಪಡೆದು ಡೀಸೆಲ್ ಎಂದು ಪುಸ್ತಕದಲ್ಲಿ ಬರೆಸಿಕೊಂಡ ಹಳೆಯ ಜೀಪುಗಳ ಮಾತು ಬೇರೆ. ಪುಸ್ತಕದಲ್ಲಿ ಪೆಟ್ರೋಲು, ಬಾನೆಟ್ಟಿನಡಿ ಡೀಸೆಲ್ ಎಂದಿದ್ದರೆ, “ಆಮೇಲೆ ಬರೆಸಿಕೊಡುತ್ತೇನೆ” ಎಂಬ ಮಾರುವವನ ಮಾತಿಗೆ ಬೆಲೆಯಿಲ್ಲ. ಒಪ್ಪಿಗೆಯಿಲ್ಲದ ಇಂಥ ಪ್ರತಿಯೊಂದು ಬದಲಾವಣೆಗೂ ಒಡೆಯನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಆಗಬಹುದು. ವಿಮೆಯ ಕಾಗದದಲ್ಲಿಯೂ ಇಂಜಿನು ನಂಬರು ಇರುವುದರಿಂದ ಅಪಘಾತವಾದಾಗ ಅಲ್ಲಿಯೂ ತಕರಾರು ಏಳುತ್ತದೆ.

ಇನ್ನು ಒಡೆಯರ ಸರಪಳಿ. ಈಗಿನ ಕಾರ್ಡಿನ ರೂಪದ ಆರ್.ಸಿ.ಯಲ್ಲಿ ಎಷ್ಟನೆಯ ಒಡೆಯರೆಂಬ ಕ್ರಮಸಂಖ್ಯೆ ಇರುತ್ತದೆ. ಮೂರನೆಯವರ ಹೆಸರಿನಲ್ಲಿರುವ ಜೀಪನ್ನು ಐದನೆಯವರು ಮಾರಲು ಬಂದರೆ, ನಡುವಿನ ಮಾರಾಟಗಳು ಬರಿಯ ಸಹಿ ಹಾಕಿದ ಖಾಲಿ ಫಾರಮುಗಳ ಮೇಲೆ ನಡೆದಿವೆ ಎಂದರ್ಥ. ಇದು ಮಾರುವವರಿಗೂ ಅಪಾಯ. 2009ರಲ್ಲಿ ಉತ್ತರದ ಕಡೆ ಒಂದು ಕಾರು ಹಿಂದಕ್ಕೆ ಬರುವಾಗ ಬಡಿದು ಹುಡುಗನೊಬ್ಬ ತೀರಿಕೊಂಡ. ಪುಸ್ತಕದಲ್ಲಿ ಹೆಸರಿದ್ದವನು ಆ ಕಾರನ್ನು 2007ರಲ್ಲಿಯೇ ಮಾರಿದ್ದ. ಆಮೇಲೆ ಅದು ಕೈಯಿಂದ ಕೈಗೆ ಹೋಗಿತ್ತು. ಹೆಸರು ಮಾತ್ರ ಬದಲಾಗಿರಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಹೊಣೆಯನ್ನು ಪುಸ್ತಕದಲ್ಲಿ ಹೆಸರಿದ್ದವನ ಮೇಲೆಯೇ ಹೊರಿಸಿತು. ಎರಡು ವರ್ಷದ ಹಿಂದೆ ಮಾರಿದ ಗಾಡಿಗೆ ದಂಡ ತೆರುವುದೆಂದರೆ ಸಣ್ಣ ಸಂಕಟವೇ?

ಹೆಸರು ಬದಲಾವಣೆಗೆ 29 ಮತ್ತು 30ನೇ ನಮೂನೆಗಳು ಬೇಕು. ಒಡೆಯರು ತೀರಿಹೋಗಿದ್ದರೆ 31, ಸರಕಾರಿ ಹರಾಜಿನಲ್ಲಿ ಕೊಂಡಿದ್ದರೆ 32. ಸಾಲದ ಮೇಲಿನ ಗಾಡಿಯಾದರೆ ಸಾಲ ತೀರಿದೆಯೆಂಬ 35ನೇ ನಮೂನೆಯಲ್ಲಿ ಸಾಲಕೊಟ್ಟವರ ಸಹಿ ಬೇಕು. ಕೊಂಡವರು 30 ದಿನಗಳೊಳಗೆ ತಮ್ಮ ಊರಿನ ಆರ್.ಟಿ.ಓ. ಕಚೇರಿಗೆ ವರದಿ ಕೊಡತಕ್ಕದ್ದು.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ಪುತ್ತೂರಿನಲ್ಲಿ ಕೊಂಡ ಜೀಪು ಕಾಸರಗೋಡಿಗೆ, ಚಾಮರಾಜನಗರದಲ್ಲಿ ಕೊಂಡದ್ದು ತಾಳವಾಡಿಗೆ, ಇಂಡಿಯಲ್ಲಿ ಕೊಂಡದ್ದು ಜತ್ತಕ್ಕೆ ಬರುತ್ತದೆ. ದಾರಿ ಹತ್ತಿರದ್ದೇ ಆದರೂ ರಾಜ್ಯ ಬೇರೆ. ಮೊದಲು ನೋಂದಣಿಯಾದ ಕಚೇರಿಯಿಂದ 28ನೇ ನಮೂನೆಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್.ಓ.ಸಿ., ತರಿಸಬೇಕು. ತೆರಿಗೆ ಬಾಕಿ ಇದ್ದರೆ, ಕಳವಿನ ದೂರು ಇದ್ದರೆ, ಅದು ಸಿಕ್ಕುವುದಿಲ್ಲ. ಆದುದರಿಂದ ಇದೇ ಒಳ್ಳೆಯ ಪರೀಕ್ಷೆಯೂ ಹೌದು. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕು. ಅಲ್ಲಿಯ ತೆರಿಗೆಯನ್ನೂ ಕೊಡಬೇಕು. ಈ ಖರ್ಚನ್ನು ಜೀಪಿನ ಬೆಲೆಯಲ್ಲಿ ಮೊದಲೇ ಕಳೆದು ಮಾತಾಡಿರಿ. ಎನ್.ಓ.ಸಿ. ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿರಿ. ಮುಂಗಡ ಕೊಡುವುದಾದರೆ ಚಾಸಿ ಮತ್ತು ಇಂಜಿನು ನಂಬರುಗಳೆರಡನ್ನೂ ಬರೆದ ಚೀಟಿಗೆ ಮಾರುವವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಕೊಳ್ಳಿರಿ.