ವಿಮಾನಕ್ಕೆ ಒಂದು ತಾಸು, ಮನೆಯಿಂದ ಎಷ್ಟು ತಾಸು?



ಸೊಲ್ಲಾಪುರದ ವಿಮಾನ ನಿಲ್ದಾಣ ಹೋಟಗಿ ರಸ್ತೆಯಲ್ಲಿದೆ. 2025ರ ಜೂನ್ ತಿಂಗಳಲ್ಲಿ ಇಲ್ಲಿಂದ ಗೋವಾಕ್ಕೆ ವಿಮಾನ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಂಬೈಗೂ ಶುರುವಾಯಿತು. “ಮುಂಬೈ ಏನ್ ದೂರ ಬಿಡ್ರಿ, ಒಂದ್ ತಾಸಿನ ದಾರಿ!” ಎಂದು ಯಾರಾದರೂ ನಿಮಗೆ ಹೇಳಬಹುದು. ಈ ಮಾತು ಅರ್ಧ ನಿಜ. ಉಳಿದರ್ಧ ಲೆಕ್ಕ ನಾವೇ ಹಾಕಬೇಕು.

ಮೊದಲು ದೂರ

ಸೊಲ್ಲಾಪುರದಿಂದ ಮುಂಬೈಗೆ ರೈಲು ದಾರಿ 455 ಕಿ.ಮೀ. ರೈಲು ಕುರ್ಡುವಾಡಿ, ದೌಂಡ್, ಪುಣೆ ಸುತ್ತಿ ಹೋಗುತ್ತದೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ದೂರ ಸುಮಾರು 360 ಕಿ.ಮೀ. ಮಾತ್ರ. ವಿಮಾನಕ್ಕೆ ಘಟ್ಟ, ಹೊಳೆ ಅಡ್ಡ ಬರುವುದಿಲ್ಲ. ಅದರ ದಾರಿ ಹೆಚ್ಚು ಕಡಿಮೆ ನೇರ.

ಈಗ ಸಮಯ

ಅಕ್ಕಲಕೋಟದ ಒಬ್ಬ ಅತ್ತೆಯನ್ನು ಮುಂಬೈ ದವಾಖಾನೆಗೆ ತೋರಿಸಬೇಕು ಎಂದುಕೊಳ್ಳಿ. ಡಾಕ್ಟರ್ ಭೇಟಿ ಸಂಜೆ 4 ಗಂಟೆಗೆ. ಟಿಕೆಟಿನಲ್ಲಿ ವಿಮಾನದ ಸಮಯ 13:00 ಎಂದಿದೆ. ಅಂದರೆ ಮಧ್ಯಾಹ್ನ 1 ಗಂಟೆ. (12ಕ್ಕಿಂತ ದೊಡ್ಡ ಅಂಕಿ ಇದ್ದರೆ ಅದರಲ್ಲಿ 12 ಕಳೆಯಿರಿ.)

ಅತ್ತೆ: ಒಂದಕ್ಕಲ್ಲ ವಿಮಾನ? ಅಡಿಗಿ ಮುಗಿಸಿ ಹನ್ನೊಂದಕ್ಕ ಹೊರಡೂಣು.

ಸೊಸೆ: ಬ್ಯಾಡ್ರಿ ಅತ್ತಿ. ಹನ್ನೊಂದಕ್ಕ ಹೊಂಟ್ರ ಹನ್ನೆರಡೂವರಿಗೆ ಮುಟ್ಟತೀವಿ. ಅಷ್ಟೊತ್ತಿಗೆ ಕೌಂಟರ್ ಮುಚ್ಚಿರ್ತಾರ. ರೊಕ್ಕಾನೂ ಹೋಗತೈತಿ, ಡಾಕ್ಟರ್ ಭೇಟಿನೂ ಹೋಗತೈತಿ.

ಸೊಸೆಯ ಮಾತು ಸರಿ. ಕೌಂಟರನ್ನು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ತಾಸು ಮುಂಚೆ ಮುಚ್ಚುತ್ತಾರೆ. ಅದಕ್ಕೇ ಎರಡು ತಾಸು ಮುಂಚೆ ಅಲ್ಲಿರಬೇಕು. ಆಕೆ ಹಾಕಿದ ಲೆಕ್ಕ ನೋಡಿ:

ಮನೆಯಿಂದ ವಿಮಾನ ನಿಲ್ದಾಣ – 1½ ತಾಸು
ನಿಲ್ದಾಣದಲ್ಲಿ ತಪಾಸಣೆ, ಕಾಯುವುದು – 2 ತಾಸು
ವಿಮಾನದಲ್ಲಿ – ಸುಮಾರು 1 ತಾಸು
ಇಳಿದು ಹೊರಗೆ ಬರಲು – ½ ತಾಸು
ಮುಂಬೈಯಲ್ಲಿ ದವಾಖಾನೆಗೆ – 1 ತಾಸು
ಒಟ್ಟು – 6 ತಾಸು

ಬೆಳಿಗ್ಗೆ 9:30ಕ್ಕೆ ಹೊರಟರೆ 3:30ಕ್ಕೆ ದವಾಖಾನೆ. ಅರ್ಧ ತಾಸು ಕೈಯಲ್ಲಿ ಉಳಿಯುತ್ತದೆ.

ರೈಲಿಗೆ ಹೋದರೆ?

2023ರ ಫೆಬ್ರವರಿಯಲ್ಲಿ ಶುರುವಾದ ವಂದೇ ಭಾರತ್ ರೈಲಿಗೆ ಸೊಲ್ಲಾಪುರದಿಂದ ಮುಂಬೈಗೆ ಸುಮಾರು 6½ ತಾಸು ಬೇಕು. ಮನೆಯಿಂದ ಸ್ಟೇಶನ್ನಿಗೆ 1½, ಕಾಯಲು ½, ಮುಂಬೈಯಲ್ಲಿ ½ ತಾಸು ಕೂಡಿಸಿ. ಒಟ್ಟು 9 ತಾಸು.

ಆಕಾಶದಲ್ಲಿ 1 ತಾಸು, ಹಳಿಯ ಮೇಲೆ 6½ ತಾಸು. ಇದನ್ನೇ ನೋಡಿದರೆ 5½ ತಾಸು ಉಳಿದಂತೆ ಕಾಣುತ್ತದೆ. ಮನೆಯಿಂದ ಲೆಕ್ಕ ಹಾಕಿದರೆ ಉಳಿಯುವುದು 3 ತಾಸು. ಕಾಯಿಲೆಯವರಿಗೆ ಆ 3 ತಾಸು ದೊಡ್ಡದು. ಆರಾಮವಾಗಿ ಹೋಗುವವರು ಎರಡೂ ಟಿಕೆಟ್ ದರ ಕೇಳಿ, ಆಮೇಲೆ ನಿರ್ಧಾರ ಮಾಡಲಿ.

ನೆನಪಿಡಿ: ವೇಳಾಪಟ್ಟಿ ಬದಲಾಗುತ್ತದೆ. ಹೊರಡುವ ಮುಂಚೆ ವಿಚಾರಿಸಿ. ಆಧಾರ್ ಕಾರ್ಡಿನಲ್ಲಿರುವ ಹೆಸರೇ ಟಿಕೆಟಿನಲ್ಲೂ ಇದೆಯೇ? ಅಕ್ಷರ ಅಕ್ಷರ ಓದಿ ನೋಡಿ. ಓದಲು ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ನೀವೇ ಮಾಡಿ

1. ಟಿಕೆಟಿನಲ್ಲಿ 16:30 ಎಂದಿದೆ. ಅದು ಎಷ್ಟು ಗಂಟೆ?
2. ಆ ವಿಮಾನ ಹಿಡಿಯಲು ಅತ್ತೆ-ಸೊಸೆ ಮನೆಯಿಂದ ಎಷ್ಟಕ್ಕೆ ಹೊರಡಬೇಕು?
3. ನಿಮ್ಮ ಊರಿನಿಂದ ಸೊಲ್ಲಾಪುರಕ್ಕೆ ಎಸ್.ಟಿ. ಬಸ್ಸಿಗೆ ಎಷ್ಟು ತಾಸು ಬೇಕು? ಬಸ್ಸಿಗೆ ಕಾಯುವ ಸಮಯವನ್ನೂ ಕೂಡಿಸಿ ಬರೆಯಿರಿ.