ಮುಖಪುಟಕ್ಕೆ ಮುದ್ದೆಯೊಂದೇ ಸಾಕು

ಪ್ರಶ್ನೆ: ನನ್ನ ಪುಸ್ತಕದ ಮುಖಪುಟಕ್ಕೆ ರಾಗಿಮುದ್ದೆಯ ಫೋಟೊ ಬೇಕು. ಎಷ್ಟು ಸಲ ತೆಗೆದರೂ ಮಣ್ಣಿನುಂಡೆಯಂತೆ ಕಾಣುತ್ತದೆ. ಏನು ಮಾಡಲಿ?

ಉತ್ತರ: ದೋಷ ಮುದ್ದೆಯದಲ್ಲ, ಬೆಳಕಿನದು. ಫ್ಲ್ಯಾಶ್ ಬೆಳಕು ನೇರ ಮುಂದಿನಿಂದ ಬಿದ್ದಾಗ ನೆರಳು ಅಳಿಸಿಹೋಗುತ್ತದೆ. ನೆರಳಿಲ್ಲದೆ ಗುಂಡಗಿನದೂ ಚಪ್ಪಟೆಯಾಗಿಯೇ ಕಾಣುತ್ತದೆ. ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕು ಒಂದು ಮಗ್ಗುಲಿನಿಂದ ಬೀಳುವಂತೆ ಮುದ್ದೆಯನ್ನಿಡಿ. ಬಿಸಿಲು ಬಿರುಸಾಗಿದ್ದರೆ ಕಿಟಕಿಗೆ ತೆಳುವಾದ ಬಿಳಿ ಪಂಚೆ ಇಳಿಬಿಡಿ. ಆಗ ಒದ್ದೆ ಕೈಯಲ್ಲಿ ಉಂಡೆ ಕಟ್ಟಿದ ನುಣುಪು, ಅಲ್ಲಲ್ಲಿ ಉಳಿದ ಬೆರಳಿನ ಗುರುತು ಎದ್ದು ಕಾಣುತ್ತವೆ. ಆರಿದ ಮುದ್ದೆಯ ಹೊಳಪು ಮಾಸುವುದರಿಂದ, ಎಲ್ಲ ಅಣಿಯಾದ ಮೇಲೆಯೇ ಬಿಸಿ ಮುದ್ದೆ ತನ್ನಿ. ಸ್ಟೀಲ್ ತಟ್ಟೆ ಕೋಣೆಯನ್ನೆಲ್ಲ ಪ್ರತಿಬಿಂಬಿಸುತ್ತದೆ. ಮುತ್ತುಗದ ಎಲೆ ಲೇಸು.

ಒಂಟಿ ಮುದ್ದೆ ಬಡವಾಗಿ ಕಾಣುತ್ತದೆ, ಸೊಪ್ಪಿನ ಸಾರು, ಈರುಳ್ಳಿ, ಮೆಣಸಿನಕಾಯಿಯೂ ಇರಲಿ ಎನ್ನುವವರಿದ್ದಾರೆ. ಊಟದೆಲೆಗೆ ಆ ಮಾತು ಸರಿ. ಆದರೆ ಮುಖಪುಟದಲ್ಲಿ ಶೀರ್ಷಿಕೆಗೂ ಲೇಖಕರ ಹೆಸರಿಗೂ ಜಾಗ ಬೇಕು. ಆನ್‌ಲೈನ್ ಮಳಿಗೆಯಲ್ಲಿ ಅದೇ ಪುಟ ಹೆಬ್ಬೆರಳಿನಷ್ಟಕ್ಕೆ ಕುಗ್ಗಿದಾಗ ಹತ್ತು ಪದಾರ್ಥಗಳು ಕಲಸಿಹೋಗುತ್ತವೆ, ಒಂದು ಉಂಡೆ ಉಳಿಯುತ್ತದೆ. ಆದ್ದರಿಂದ ಚೌಕಟ್ಟಿನ ಮೇಲಿನ ಮೂರನೇ ಒಂದು ಭಾಗವನ್ನು ಖಾಲಿ ಬಿಡಿ. 5.5 × 8.5 ಇಂಚಿನ ಪುಸ್ತಕಕ್ಕೆ, ಇಂಚಿಗೆ 300 ಚುಕ್ಕಿಗಳಂತೆ, ಕನಿಷ್ಠ 1650 × 2550 ಪಿಕ್ಸೆಲ್ ಬೇಕು. ಅಂಚು ಕತ್ತರಿಸಲು ಇನ್ನಷ್ಟು ಇರಲಿ. ಮುದ್ದೆಯ ಘನತೆ ಅದರ ಸರಳತೆಯಲ್ಲಿದೆ; ಅದನ್ನು ಅಲಂಕಾರದಿಂದ ಮುಚ್ಚಬೇಡಿ.