ಅಗ್ಗದ ಡಿವಿಡಿ ಪ್ಲೇಯರ್ ಕೈಕೊಟ್ಟಾಗ ಗ್ರಾಹಕರ ಹಕ್ಕೇನು?

‘ಮೂರು ಸಾವಿರದ ಸೆಟ್ಟು, ಇನ್ನೆಷ್ಟು ದಿನ ಬಾಳಿಕೆ ಬರಬೇಕು ಸಾರ್?’ ಕೊಂಡ ತಿಂಗಳೊಳಗೆ ಡಿವಿಡಿ ಪ್ಲೇಯರ್ ಡಿಸ್ಕ್ ಓದುವುದನ್ನು ನಿಲ್ಲಿಸಿ, ಅದನ್ನು ಅಂಗಡಿಗೆ ಹೊತ್ತುಕೊಂಡು ಹೋದವರಿಗೆ ಕೇಳಿಬರುವ ಮಾತು ಇದು. ಎಷ್ಟೋ ಜನ ಉತ್ತರ ತೋಚದೆ ಸುಮ್ಮನೆ ಮನೆಗೆ ಮರಳುತ್ತಾರೆ. ಉತ್ತರ ಕಾನೂನಿನಲ್ಲೇ ಇದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019, ದೋಷ ಎಂದರೇನೆಂದು ಹೇಳುವಾಗ ಅಗ್ಗ–ದುಬಾರಿ ಎಂಬ ಭೇದ ಮಾಡಿಲ್ಲ. ಕಾನೂನಿನಂತೆ ಇರಲೇಬೇಕಾದ, ಇಲ್ಲವೇ ಮಾರುವವರು ತಾವಾಗಿ ಹೇಳಿಕೊಂಡ ಗುಣಮಟ್ಟ, ಸಾಮರ್ಥ್ಯ ಅಥವಾ ಮಾನದಂಡದಲ್ಲಿ ಕೊರತೆ ಕಂಡುಬಂದರೆ ಅದು ದೋಷ. ಪೆಟ್ಟಿಗೆಯ ಮೇಲೆ ‘ಡಿವಿಡಿ, ವಿಸಿಡಿ, ಎಂಪಿ3, ಯುಎಸ್‌ಬಿ’ ಎಂದು ಅಚ್ಚಾಗಿದೆಯೇ? ಹಾಗಿದ್ದರೆ ಆ ನಾಲ್ಕೂ ನಡೆಯಬೇಕು, ಬೆಲೆ ಎಷ್ಟೇ ಇರಲಿ.

ಈ ಕಾಲದಲ್ಲಿ ಡಿಸ್ಕ್ ಪ್ಲೇಯರ್ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಮದುವೆಯ ಡಿವಿಡಿ, ಮಗುವಿನ ನಾಮಕರಣದ ಸಿ.ಡಿ., ರಾತ್ರಿಯಿಡೀ ನಡೆದ ಯಕ್ಷಗಾನ ಪ್ರಸಂಗದ ಚಿತ್ರೀಕರಣ, ತೀರಿಕೊಂಡ ಹಿರಿಯರ ದನಿ ಇರುವ ಡಿಸ್ಕುಗಳು ಸಾವಿರಾರು ಮನೆಗಳ ಬೀರುವಿನಲ್ಲಿ ಉಳಿದಿವೆ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಆದ್ದರಿಂದ ಅಗ್ಗದ ಪ್ಲೇಯರ್ ಹುಡುಕಿಕೊಂಡು ಹೋಗುವವರಲ್ಲಿ ವಯಸ್ಸಾದವರೇ ಹೆಚ್ಚು, ‘ಇಷ್ಟಕ್ಕೆ ಇಷ್ಟೇ’ ಎಂಬ ಮಾತಿಗೆ ಬೇಗ ಸೋಲುವವರೂ ಅವರೇ. ಮಗ ದುಡ್ಡು ಕೊಟ್ಟು ತಾಯಿಗೆ ಕೊಡಿಸಿದ್ದರೆ ತಾಯಿಯೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕಿ. ಕೊಂಡವರ ಒಪ್ಪಿಗೆಯಿಂದ ಬಳಸುವವರಿಗೂ ದೂರು ಕೊಡುವ ಹಕ್ಕು ಇದೆ. ಮರುಮಾರಾಟಕ್ಕೋ ವ್ಯಾಪಾರಕ್ಕೋ ಕೊಂಡವರಿಗೆ ಮಾತ್ರ ಈ ಹಕ್ಕು ಸಿಗುವುದಿಲ್ಲ.

ಹಾಗೆಂದು ಇಷ್ಟವಾಗದ್ದೆಲ್ಲ ದೋಷವಾಗುವುದಿಲ್ಲ. ತೆಳು ಪ್ಲಾಸ್ಟಿಕ್ಕಿನ ಮೈ, ಹಗುರವಾದ ರಿಮೋಟ್, ಡಿಸ್ಕ್ ತಿರುಗುವಾಗಿನ ಸಣ್ಣ ಸದ್ದು, ಇವು ಅಗ್ಗದ ಸೆಟ್ಟಿನ ಸ್ವಭಾವ. ಎರಡು ಪದರದ ಡಿವಿಡಿಯಲ್ಲಿ ಸಿನಿಮಾದ ನಡುವೆ ಎಲ್ಲೋ ಒಂದು ಕಡೆ ಚಿತ್ರ ಕ್ಷಣ ನಿಂತು ಮುಂದುವರಿಯುವುದೂ ದೋಷವಲ್ಲ. ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಹೋಗುವ ಹೊತ್ತು ಅದು. ಡಿವಿಡಿ ಪ್ಲೇಯರ್ ಬ್ಲೂ-ರೇ ಡಿಸ್ಕ್ ಓದಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ, ಬ್ಲೂ-ರೇಗೆ 405 ನ್ಯಾನೊಮೀಟರಿನ ನೀಲಿ–ನೇರಳೆ ಲೇಸರ್ ಬೇಕು, ಡಿವಿಡಿ ಸೆಟ್ಟಿನಲ್ಲಿ ಅದು ಇರುವುದೇ ಇಲ್ಲ. ಅಮೆರಿಕದಲ್ಲಿರುವ ಮಗಳು ಕಳಿಸಿದ ಡಿಸ್ಕ್ ಇಲ್ಲಿ ಓಡದಿರುವುದಕ್ಕೂ ಕಾರಣ ಬೇರೆ. ಡಿವಿಡಿಯ ಲೆಕ್ಕದಲ್ಲಿ ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ‘ಎಲ್ಲ ವಲಯದ ಡಿಸ್ಕೂ ಓಡುತ್ತದೆ’ ಎಂದು ಪೆಟ್ಟಿಗೆಯ ಮೇಲೋ ಬಿಲ್ಲಿನ ಮೇಲೋ ಬರೆದುಕೊಟ್ಟಿದ್ದರೆ ಮಾತ್ರ ಅದು ನಿಮ್ಮ ಪರವಾಗಿ ನಿಲ್ಲುವ ದೂರು.

ನನ್ನ ಬಲವಾದ ಅಭಿಪ್ರಾಯ ಇಷ್ಟು: ಸೆಟ್ಟನ್ನು ಮೊದಲ ವಾರದಲ್ಲೇ ಸರಿಯಾಗಿ ಪರೀಕ್ಷಿಸಿ ನೋಡಿದವರ ಅರ್ಧ ಪ್ರಕರಣ ಅಲ್ಲೇ ಗೆದ್ದಂತೆ. ‘ಸೆಟ್ಟು ಸರಿಯಿಲ್ಲ’ ಎಂದು ಬರೆದ ದೂರಿಗೂ ‘ಅಚ್ಚಿನ ಡಿವಿಡಿ ಓಡುತ್ತದೆ, ಆಡಿಯೊ ಸಿ.ಡಿ. ಮತ್ತು ವಿಸಿಡಿ ಹಾಕಿದರೆ ನೋ ಡಿಸ್ಕ್ ಎಂದು ತೋರಿಸುತ್ತದೆ’ ಎಂದು ಬರೆದ ದೂರಿಗೂ ಅಜಗಜಾಂತರ. ಇದರ ಹಿಂದೆ ತಾಂತ್ರಿಕ ಕಾರಣವಿದೆ. ಡಿವಿಡಿಯನ್ನು ಓದುವುದು 650 ನ್ಯಾನೊಮೀಟರಿನ ಕೆಂಪು ಲೇಸರ್. ಸಿ.ಡಿ. ಮತ್ತು ವಿಸಿಡಿಯನ್ನು ಓದುವುದು 780 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಇನ್ನೊಂದು ಲೇಸರ್. ಮೆಕ್ಯಾನಿಕ್‌ಗಳು ಒಟ್ಟಾಗಿ ‘ಲೆನ್ಸ್’ ಎಂದು ಕರೆಯುವ ಬಿಡಿಭಾಗದೊಳಗೆ ಎರಡೂ ಇರುತ್ತವೆ, ಒಂದು ಕೆಟ್ಟರೂ ಇನ್ನೊಂದು ನಡೆಯಬಹುದು. ಬೇರೆ ಬೇರೆ ಸಿ.ಡಿ.ಗಳೆಲ್ಲ ಓಡದೆ, ಡಿವಿಡಿಗಳೆಲ್ಲ ಓಡುತ್ತಿದ್ದರೆ ‘ನಿಮ್ಮ ಡಿಸ್ಕ್ ಗೀರು ಬಿದ್ದಿದೆ’ ಎಂಬ ಉತ್ತರ ನಿಲ್ಲುವುದಿಲ್ಲ.

ಆದ್ದರಿಂದ ಪರೀಕ್ಷೆಗೆ ಮದುವೆಯ ಡಿಸ್ಕನ್ನು ಮೊದಲು ಹಾಕಬೇಡಿ. ಅದು ಸ್ಟುಡಿಯೊದವರು ಬರೆದುಕೊಟ್ಟ ಡಿಸ್ಕ್, ಹಳೆಯದಾದಷ್ಟೂ ಓದಲು ಕಷ್ಟ. ತಪ್ಪನ್ನು ಡಿಸ್ಕಿನ ಮೇಲೆ ಹೊರಿಸಲು ಅಂಗಡಿಯವರಿಗೆ ಅದೇ ಸಾಕು. ಕಂಪನಿಯವರು ಅಚ್ಚು ಮಾಡಿ ಮಾರಿದ ಅಸಲಿ ಡಿವಿಡಿ, ವಿಸಿಡಿ, ಹಾಡಿನ ಸಿ.ಡಿ. ಒಂದೊಂದನ್ನು ಪೂರ್ತಿ ಓಡಿಸಿ. ಡಿಸ್ಕಿನ ಕೊನೆಯ ಭಾಗದಲ್ಲಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆಯೇ, ಒಂದು ಗಂಟೆ ಓಡಿ ಬಿಸಿಯಾದ ಮೇಲೆ ನಿಲ್ಲುತ್ತದೆಯೇ, ಟ್ರೇ ಸಿಕ್ಕಿಕೊಳ್ಳುತ್ತದೆಯೇ, ಎಚ್‌ಡಿಎಂಐ ಇದ್ದರೆ ಅದರಲ್ಲಿ ದನಿ ಬರುತ್ತದೆಯೇ, ಎಲ್ಲವನ್ನೂ ನೋಡಿ. ಕೆಟ್ಟದ್ದು ಕಂಡ ಕೂಡಲೇ ಮೊಬೈಲಿನಲ್ಲಿ ವಿಡಿಯೊ ತೆಗೆಯಿರಿ, ಸೆಟ್ಟಿನ ಹಿಂಬದಿಯ ಸೀರಿಯಲ್ ನಂಬರೂ ಅದೇ ವಿಡಿಯೊದಲ್ಲಿ ಕಾಣಲಿ. ನಕಲಿ ಡಿಸ್ಕ್ ತೋರಿಸಿ ದೂರು ಕೊಡಬೇಡಿ. ಮಾರಾಟದ ಸಿನಿಮಾ ಡಿಸ್ಕಿನ ಮೇಲೆ ತಯಾರಕರ ಹೆಸರು, ವಿಳಾಸ, ಹಕ್ಕುದಾರರ ಅನುಮತಿ ಪಡೆದ ಘೋಷಣೆ, ಸೆನ್ಸಾರ್ ಪ್ರಮಾಣಪತ್ರದ ಪ್ರತಿ ಇರಬೇಕೆಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ಎ ಕಲಂ ಹೇಳುತ್ತದೆ. ಅದಿಲ್ಲದ ಡಿಸ್ಕ್ ನಿಮ್ಮ ಮಾತಿನ ಬಲವನ್ನೇ ಕುಗ್ಗಿಸುತ್ತದೆ.

ಪೆಟ್ಟಿಗೆಯನ್ನು ವಾರಂಟಿ ಮುಗಿಯುವವರೆಗೆ ಎಸೆಯಬಾರದು. ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಎಲ್ಲ ತೆರಿಗೆ ಸೇರಿದ ಗರಿಷ್ಠ ಚಿಲ್ಲರೆ ಬೆಲೆ, ದೂರಿಗೆ ಸಂಪರ್ಕಿಸಬೇಕಾದ ಫೋನ್ ನಂಬರ್, ಆಮದು ಮಾಲಾದರೆ ತಯಾರಾದ ದೇಶ, ಇವೆಲ್ಲ ಅದರ ಮೇಲೆ ಇರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸಿವೆ. ಇವಿಲ್ಲದ ಮಾಲು ಕಂಡರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರಬಹುದು. ಆಮದುದಾರರ ಹೆಸರೇ ಇಲ್ಲದ ಪ್ಲೇಯರನ್ನು ನೂರಿನ್ನೂರು ಉಳಿಯುತ್ತದೆಂದು ಕೊಳ್ಳಬೇಡಿ. ನಾಳೆ ನೋಟಿಸು ಕಳಿಸಲು ವಿಳಾಸವೇ ಇರುವುದಿಲ್ಲ.

ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಗಳ ಬಗ್ಗೆ ಒಂದು ಮಾತು. ಡಿಸ್ಕ್ ಪ್ಲೇಯರ್ ಜತೆಗೆ ಬರುವ ಅಗ್ಗದ ಹೋಂ ಥಿಯೇಟರ್ ಸೆಟ್ಟುಗಳ ಮೇಲೆ ‘ಪಿಎಂಪಿಒ’ ಎಂದು ಸಾವಿರಾರು ವ್ಯಾಟ್ ಬರೆದಿರುತ್ತಾರೆ. ಅದೇ ಸೆಟ್ಟಿನ ಹಿಂಬದಿಯ ಚೀಟಿಯಲ್ಲಿ ವಿದ್ಯುತ್ ಬಳಕೆ ಐವತ್ತೋ ಅರವತ್ತೋ ವ್ಯಾಟ್ ಎಂದಿದ್ದರೆ, ಅದಕ್ಕಿಂತ ಹೆಚ್ಚಿನ ಶಕ್ತಿಯ ಸದ್ದು ಅದರಿಂದ ನಿರಂತರವಾಗಿ ಹೊರಡಲು ಸಾಧ್ಯವೇ ಇಲ್ಲ. ‘1080ಪಿ ಅಪ್‌ಸ್ಕೇಲಿಂಗ್’ ಎಂಬುದೂ ಇಂಥದ್ದೇ. ನಮ್ಮಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಇರುವುದು 720 × 576 ಚುಕ್ಕೆಗಳ ಚಿತ್ರ. ಪ್ಲೇಯರ್ ಅದನ್ನು ಹಿಗ್ಗಿಸಿ ಕೊಡಬಲ್ಲದು, ಇಲ್ಲದ ವಿವರ ಸೇರಿಸಲಾರದು. ಅಪ್‌ಸ್ಕೇಲಿಂಗ್ ಎಂದು ಬರೆಯುವುದು ತಪ್ಪಲ್ಲ, ‘ಫುಲ್ ಎಚ್‌ಡಿ ಪ್ಲೇಯರ್’ ಎಂದು ನಂಬಿಸಿ ಮಾರುವುದು ತಪ್ಪು. ಇಂಥ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಮೊದಲ ಬಾರಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಜಾಹೀರಾತಿನ ಚಿತ್ರವನ್ನು ಉಳಿಸಿಕೊಂಡಿರಿ.

ಈಗ ಬಿಲ್ಲಿನ ವಿಚಾರ. ಬಿಲ್ ಕೊಡದಿರುವುದೇ 2019ರ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ದೋಷವಿರುವ ಮಾಲಿನ ಹೊಣೆ ಕಳಚಿಕೊಳ್ಳುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ದೋಷವುಳ್ಳ ಸರಕನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ‘ಏಳು ದಿನದೊಳಗೆ ಬದಲಾವಣೆ’ ಎಂಬ ಆನ್‌ಲೈನ್ ಮಾರಾಟಗಾರರ ಷರತ್ತು ಮುಗಿದ ದಿನವೇ ತಮ್ಮ ಹಕ್ಕೂ ಮುಗಿಯಿತೆಂದು ಬಹಳ ಮಂದಿ ತಿಳಿಯುತ್ತಾರೆ. ಹಾಗಿಲ್ಲ. ವಾರಂಟಿ ಇದೆ, ಅದರ ಮೇಲೆ ಕಾಯ್ದೆಯೂ ಇದೆ. ಆನ್‌ಲೈನ್ ವೇದಿಕೆಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ಸಿಕ್ಕಿದ್ದನ್ನು ಅವರು 48 ಗಂಟೆಯೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು ಎಂಬುದು 2020ರ ಇ-ಕಾಮರ್ಸ್ ನಿಯಮ.

ಸರ್ವಿಸ್ ಸೆಂಟರಿಗೆ ಸೆಟ್ಟು ಕೊಟ್ಟಾಗ ಜಾಬ್ ಶೀಟ್ ಇಲ್ಲದೆ ಬರಬೇಡಿ. ಅದರಲ್ಲಿ ತಾರೀಖು, ಸೀರಿಯಲ್ ನಂಬರ್, ನೀವು ಹೇಳಿದ ದೋಷ, ಅವರು ಕಂಡ ದೋಷ, ಹಾಕಿದ ಪಾರ್ಟ್ ಎಲ್ಲ ಇರಬೇಕು. ‘ಚೆಕ್ ಮಾಡಿದೆ, ಓಕೆ’ ಎಂದಷ್ಟೇ ಬರೆದರೆ ಒಪ್ಪದೆ, ನಿಮ್ಮೆದುರೇ ಸಿ.ಡಿ. ಹಾಕಿ ತೋರಿಸಲು ಹೇಳಿ. ಇಷ್ಟು ಒತ್ತಿ ಹೇಳಲು ಕಾರಣವಿದೆ. ದೂರು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದಾಗ, ದೋಷವನ್ನು ಪರೀಕ್ಷೆ ಇಲ್ಲದೆ ನಿರ್ಧರಿಸಲಾಗದಿದ್ದರೆ ಆಯೋಗವು ಸೆಟ್ಟನ್ನು ಪ್ರಯೋಗಾಲಯಕ್ಕೆ ಕಳಿಸಬಹುದು, ಅದರ ಶುಲ್ಕವನ್ನು ಮೊದಲು ಕಟ್ಟುವಂತೆ ದೂರುದಾರರಿಗೇ ಹೇಳಬಹುದು. ಮೂರು ಸಾವಿರದ ಸೆಟ್ಟಿಗೆ ಆ ಖರ್ಚು ಭಾರವಾದೀತು. ಒಂದೇ ದೋಷಕ್ಕೆ ಮೂರು ಸಲ ರಿಪೇರಿ ಮಾಡಿದ್ದಾಗಿ ಕಂಪನಿಯ ಸ್ವಂತ ಜಾಬ್ ಶೀಟುಗಳೇ ಹೇಳಿದರೆ ಪ್ರಯೋಗಾಲಯದ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ.

ಮಾತಿನಲ್ಲಿ ಮುಗಿಯದಿದ್ದರೆ ಬರವಣಿಗೆಯಲ್ಲಿ ಕೇಳಿ. ವಕೀಲರ ನೋಟಿಸೇ ಆಗಬೇಕೆಂದಿಲ್ಲ. ‘ಇಂಥ ದಿನಾಂಕದಂದು ಇಂಥ ಬಿಲ್ ನಂಬರಿನಲ್ಲಿ ನಿಮ್ಮ ಅಂಗಡಿಯಿಂದ ಇಂಥ ಮಾದರಿಯ ಡಿವಿಡಿ ಪ್ಲೇಯರ್ ಖರೀದಿಸಿದ್ದೇನೆ. ಇಂಥ ದಿನದಿಂದ ಅದು ಸಿ.ಡಿ. ಮತ್ತು ವಿಸಿಡಿಗಳನ್ನು ಓದುತ್ತಿಲ್ಲ. ಪೆಟ್ಟಿಗೆಯ ಮೇಲೆ ಎರಡೂ ಓಡುತ್ತವೆಂದು ನಮೂದಾಗಿದೆ. ಜಾಬ್ ಶೀಟುಗಳ ನಕಲು ಲಗತ್ತಿಸಿದ್ದೇನೆ. ಈ ಪತ್ರ ತಲುಪಿದ 15 ದಿನಗಳೊಳಗೆ ಸೆಟ್ಟು ಬದಲಾಯಿಸಿಕೊಡಿ ಅಥವಾ ಹಣ ಮರಳಿಸಿ. ತಪ್ಪಿದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ.’ ಇಷ್ಟೇ ಸಾಕು. ಅಂಗಡಿಯವರಿಗೂ ತಯಾರಕ ಅಥವಾ ಆಮದುದಾರ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಜತೆಗೆ ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ದೂರು ಹೇಳಬಹುದು. ಸಹಾಯವಾಣಿ ಆದೇಶ ಹೊರಡಿಸುವುದಿಲ್ಲ, ಕಂಪನಿಯವರಿಗೆ ದೂರು ತಲುಪಿಸಿ ಉತ್ತರ ತರಿಸುತ್ತದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ವ್ಯಾಜ್ಯಗಳೆಲ್ಲ ಇಲ್ಲಿಗೇ ಬರುತ್ತವೆ. 5 ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವೇ ಇಲ್ಲ. ಹಳೆಯ ಕಾಯ್ದೆಯಲ್ಲಿ ಎಷ್ಟೋ ಸಲ ಮಾರಾಟಗಾರರು ಇದ್ದ ಊರನ್ನು ಹುಡುಕಿಕೊಂಡು ಹೋಗಬೇಕಾಗುತ್ತಿತ್ತು. ಈಗ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದೆಹಲಿಯ ಮಾರಾಟಗಾರರಿಂದ ಆನ್‌ಲೈನಿನಲ್ಲಿ ತರಿಸಿದ ಸೆಟ್ಟಿಗೆ ಕೊಪ್ಪಳದವರು ಕೊಪ್ಪಳದಲ್ಲೇ ನ್ಯಾಯ ಕೇಳಬಹುದು. ಇದು ಹೊಸ ಕಾಯ್ದೆ ಸಾಮಾನ್ಯ ಜನರಿಗೆ ಮಾಡಿದ ದೊಡ್ಡ ಉಪಕಾರ ಎಂದು ನಾನು ನಂಬಿದ್ದೇನೆ. ವಕೀಲರಿಲ್ಲದೆ ನೀವೇ ವಾದಿಸಬಹುದು, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ವಕೀಲರು ಬೇಕೇಬೇಕು ಎನಿಸಿದರೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ, ಅಂಗವಿಕಲರಿಗೆ ಮತ್ತು ನಿಗದಿತ ಆದಾಯಕ್ಕಿಂತ ಕಡಿಮೆ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ನೆರವು ನೀಡುತ್ತದೆ. ಅದರ ಸಹಾಯವಾಣಿ 15100.

ದೂರನ್ನು ಸಾಮಾನ್ಯವಾಗಿ 21 ದಿನಗಳೊಳಗೆ ಅಂಗೀಕರಿಸಬೇಕೋ ಬೇಡವೋ ತೀರ್ಮಾನಿಸಬೇಕು. ಎದುರುದಾರರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15 ದಿನ. ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ, ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ನಡೆಯುವಾಗ ಇದಕ್ಕಿಂತ ತಡವಾಗುವುದುಂಟು, ಅದಕ್ಕೆ ಸಿದ್ಧರಾಗಿಯೇ ಹೋಗಿ. ಆಯೋಗ ದೋಷ ಸರಿಪಡಿಸಲು, ಸೆಟ್ಟು ಬದಲಿಸಲು, ಹಣ ಮರಳಿಸಲು, ಪರಿಹಾರ ಮತ್ತು ಖರ್ಚು ಕೊಡಲು ಆದೇಶಿಸಬಹುದು. ಪರಿಹಾರ ಕೇಳುವಾಗ ಮಿತಿ ಇರಲಿ. ಮೂರು ಸಾವಿರದ ಸೆಟ್ಟಿಗೆ ಐದು ಲಕ್ಷ ಕೇಳಿದರೆ ನಿಮ್ಮ ನ್ಯಾಯವಾದ ಬೇಡಿಕೆಯೂ ಹಗುರವಾಗುತ್ತದೆ. ಓಡಾಟದ ಬಸ್ ಚಾರ್ಜು, ರಿಪೇರಿಗೆ ಕೊಟ್ಟ ಹಣ, ಪಟ್ಟ ಕಿರಿಕಿರಿಗೆ ಒಂದು ನ್ಯಾಯವಾದ ಮೊತ್ತ, ಇವನ್ನು ಲೆಕ್ಕ ಸಮೇತ ಕೇಳಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಸೆಟ್ಟಿನ ಜತೆ ಬರುವ ಅಡಾಪ್ಟರನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಆಡಿಯೊ–ವಿಡಿಯೊ ಉಪಕರಣಗಳ ಅಡಾಪ್ಟರುಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಅದರ ಮೇಲಿರಬೇಕು. ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಅಡಾಪ್ಟರ್ ಸುಟ್ಟು ಟಿ.ವಿ.ಗೋ ಮನೆಗೋ ಹಾನಿಯಾದರೆ ಅದು ಉತ್ಪನ್ನ ಹೊಣೆಗಾರಿಕೆಯ ಪ್ರಕರಣ, ಪ್ಲೇಯರಿನ ಬೆಲೆಯನ್ನು ಮೀರಿದ ಪರಿಹಾರ ಕೇಳಬಹುದು. ಸುಟ್ಟ ತುಂಡನ್ನು ಎಸೆಯಬೇಡಿ, ಅದೇ ಸಾಕ್ಷಿ. ಪರಿಚಯಸ್ಥರಿಂದ ಹಳೆಯ ಸೆಟ್ಟು ಕೊಂಡರೆ ಮಾತ್ರ ಗ್ರಾಹಕರ ಆಯೋಗ ನೆರವಿಗೆ ಬರುವುದು ಕಷ್ಟ, ಅವರು ವ್ಯಾಪಾರಿಗಳಲ್ಲ. ಹಳೆಯ ಸಾಮಾನಿನ ಅಂಗಡಿಯವರು ವ್ಯಾಪಾರಿಗಳು. ಅವರಿಂದ ಬಿಲ್ ಕೇಳಿ ಪಡೆಯಿರಿ.

ದೂರಿಗೆ ಕಾಲಮಿತಿ ಎರಡು ವರ್ಷ. ದೂರಿನ ಕಾರಣ ಹುಟ್ಟಿದ ದಿನದಿಂದ ಅದು ಓಡತೊಡಗುತ್ತದೆ. ‘ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಎಂಬ ಮಾತು ನಂಬಿ ಕಾಯುತ್ತಿದ್ದರೂ, ಪತ್ರದ ಮೇಲೆ ಪತ್ರ ಬರೆಯುತ್ತಿದ್ದರೂ ಅದು ನಿಲ್ಲುವುದಿಲ್ಲ. ಥರ್ಮಲ್ ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಪ್ಲೇಯರ್ ಕೊಂಡ ದಿನವೇ ಬಿಲ್, ವಾರಂಟಿ ಕಾರ್ಡ್ ಮತ್ತು ಪೆಟ್ಟಿಗೆಯ ಆರೂ ಮುಖಗಳ ಫೋಟೊ ತೆಗೆದು ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.